ಲಾರಿಗಳು ಲೆಕ್ಕಕ್ಕಿಲ್ಲ

ಎಪ್ಪತ್ತರ ದಶಕದ ಆರಂಭ. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಒಂದು ಸಣ್ಣ ಕಂಪನಿ, ಅಲ್ಲಿ ನನ್ನದು ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವಂಥ ತಾತ್ಕಾಲಿಕ ಎಂಜಿನಿಯರ್ ಕೆಲಸ. ಅದು ಖಾಯಂ ಆಗದಿದ್ದರೆ ಗಂಟುಮೂಟೆ ಕಟ್ಟಿ ಮೈಸೂರಿಗೆ ಮರಳಬೇಕು. ಸಹಿ ಹಾಕಬೇಕಾದವನು ನಮ್ಮ ಬಾಸ್. ಜರ್ಮನಿಯವನು, ಮಹಾಯುದ್ಧದಲ್ಲಿ ಫೈಟರ್ ಪೈಲಟ್ ಆಗಿದ್ದವನು.

ಯುದ್ಧ ಮುಗಿದು ಕಾಲು ಶತಮಾನವಾಗಿದ್ದರೂ ಅವನು ಉರುಳಿಸಿದ ವಿಮಾನಗಳ ಸಂಖ್ಯೆ ಏರುತ್ತಲೇ ಇತ್ತು. ಸೋಮವಾರದ ಮೀಟಿಂಗಿನಲ್ಲಿ ಒಂಬತ್ತಿದ್ದದ್ದು ಶುಕ್ರವಾರ ಬಿಯರ್ ಹೊತ್ತಿಗೆ ಹನ್ನೆರಡು. ರಷ್ಯಾದ ಹಿಮ, ಆಫ್ರಿಕಾದ ಮರಳು, ಕೊರಳಿಗೆ ಪದಕ, ಎಲ್ಲವೂ ಬರುತ್ತಿತ್ತು. ಯಾರ ಪರ ಹಾರುತ್ತಿದ್ದ ಎಂಬುದೊಂದು ಮಾತ್ರ ಬರುತ್ತಿರಲಿಲ್ಲ. ಅವನ ವಿರುದ್ಧವೇ ಹೋರಾಡಿದ್ದ ಟೆಕ್ಸಸ್‌ನವರು ಈಗ ಅವನ ಬೆನ್ನು ತಟ್ಟಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಜೋರಾಗಿ.

ಒಂದು ಭಾನುವಾರ ಅವನನ್ನು ಊಟಕ್ಕೆ ಕರೆದೆ. ಆಗ ಅಪ್ಪ ಊರಿನಿಂದ ಬಂದಿದ್ದರು. ಅವರೂ ಅದೇ ಯುದ್ಧಕ್ಕೆ ಹೋಗಿದ್ದವರು. ಬ್ರಿಟಿಷರ ಸೇನೆ ಸೇರಿ ಆಫ್ರಿಕಾದಲ್ಲಿ ನೀರಿನ ಲಾರಿ ಓಡಿಸಿದ್ದರು. ಅದರ ಬಗ್ಗೆ ಅವರು ಹೇಳಿಕೊಂಡವರಲ್ಲ, ನಾನೂ ಕೇಳಿದವನಲ್ಲ.

ನಮ್ಮಲ್ಲಿ ಅತಿಥಿ ಸಾಕೆಂದರೂ ಬಡಿಸಬೇಕಲ್ಲ. ಒಂದೊಂದು ವಿಮಾನ ಬಿದ್ದಾಗಲೂ ನನ್ನ ಹೆಂಡತಿ ಅವನ ತಟ್ಟೆಗೆ ಒಂದೊಂದು ವಡೆ ಹಾಕುತ್ತಾ ಹೋದಳು. ಮಹಾಶಯ ಎರಡನ್ನೂ ನಿಲ್ಲಿಸಲಿಲ್ಲ.

ಆಫ್ರಿಕಾದ ಸರದಿ ಬಂದಾಗ ಅಪ್ಪ ನನ್ನತ್ತ ತಿರುಗಿದರು. "ಕೇಳೋ ಅವ್ರನ್ನ. ಲಾರಿಗಳ ಮೇಲೂ ಗುಂಡು ಹಾರಿಸ್ತಿದ್ರಲ್ಲ, ಅದೂ ಲೆಕ್ಕಕ್ಕೆ ಸೇರತ್ತಾ ಅಂತ."

ಕೇಳಿದೆ. ಬಾಸ್ ನಕ್ಕ. "ಇಲ್ಲ, ಇಲ್ಲ. ವಿಮಾನ ಮಾತ್ರ. ಲಾರಿಗಳು ಲೆಕ್ಕಕ್ಕಿಲ್ಲ."

ಅಪ್ಪ ಮತ್ತೆ ನನಗೇ ಕನ್ನಡದಲ್ಲಿ ಹೇಳಿದರು. "ನನ್ನ ಪಕ್ಕದ ಸೀಟಲ್ಲಿ ನಮ್ಮೂರವ್ನೇ ಒಬ್ಬ ಕೂತಿದ್ದ. ಮೇಲಿಂದ ವಿಮಾನ ಬಂತು. ನಾನು ಉಳ್ಕೊಂಡೆ. ಊರಿಗೆ ಹೋದಾಗ ಅವನ ತಾಯಿಗೆ ನಾನೇ ಹೇಳ್ಬೇಕಾಯ್ತು. ಇದನ್ನೂ ಹೇಳು ಅವ್ರಿಗೆ."

ಬಾಸ್ ನನ್ನ ಮುಖ ನೋಡಿದ. ನನ್ನನ್ನು ಖಾಯಂ ಮಾಡುವ ಪತ್ರ ಆಫೀಸಿನಲ್ಲಿ ಅವನ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. "ನೀವು ಇನ್ನೂ ಸ್ವಲ್ಪ ಪಾಯಸ ಹಾಕಿಸಿಕೊಳ್ಳಬೇಕಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಪ್ಪ ಎದ್ದು, ಪಾತ್ರೆ ತಂದು, ಅವನಿಗೆ ಎರಡು ಸೌಟು ಪಾಯಸ ಬಡಿಸಿದರು. ಆಗ ನನಗೆ ಹೊಳೆಯಿತು: ವರ್ಷಗಟ್ಟಲೆ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ದುಡಿದವರಿಗೆ ನನ್ನ ಮಾತು ಅರ್ಥವಾಗದೆ ಇರುತ್ತದೆಯೇ? ಬೇಕಿದ್ದರೆ ಅವರೇ ಹೇಳಬಹುದಿತ್ತು. ಮಗನ ಬಾಯಿಂದಲೇ ಹೇಳಿಸಬೇಕು ಎಂದುಕೊಂಡಿದ್ದರು.

ಸೋಮವಾರ ಸಹಿ ಬಿತ್ತು. ಅಷ್ಟರಲ್ಲಿ ಬಾಸ್‌ನ ವಿಮಾನ ಹದಿನಾಲ್ಕಾಗಿತ್ತು. ಸಂಜೆ ಕೆಲಸ ಖಾಯಂ ಆಯಿತೆಂದು ಅಪ್ಪನಿಗೆ ಹೇಳಿದೆ.

"ಒಳ್ಳೇದಾಯ್ತು," ಎಂದರು. "ಅಂತೂ ನೀನು ಲೆಕ್ಕಕ್ಕೆ ಸೇರ್ದೆ."