ಮೀನಿಗೆ ತಂದ ಕೋಳಿ ಬುಟ್ಟಿ

ನಿಮ್ಮ ಮುತ್ತಜ್ಜಿಯ ಫೋಟೋ ನೋಡಿದಾಗಲೆಲ್ಲ ನೀವು "ಎಷ್ಟು ಸಿಟ್ಟಿನ ಮುಖ" ಎಂದು ನಗುತ್ತೀರಿ. ಸಿಟ್ಟು ಇತ್ತು, ಸುಳ್ಳಲ್ಲ. ಆದರೆ ಆ ಫೋಟೋ ತೆಗೆಸುವುದಕ್ಕೆ ಮೊದಲು, ನಿಮ್ಮ ಅಜ್ಜ ತೀರಿಕೊಂಡ ವರ್ಷ, ಅವರು ಉಣ್ಣುವುದನ್ನೇ ಬಿಟ್ಟಿದ್ದರು. ಅವರನ್ನು ಮತ್ತೆ ಗಂಗಾಳದ ಮುಂದೆ ಕೂರಿಸಿದ್ದು ನಮ್ಮ ಹೊಂಡದ ಮೀನುಗಳು. ಆ ಮೀನುಗಳು ಸಾಯತೊಡಗಿದಾಗ ನಾನು ಪಟ್ಟ ಪಾಡು ನಿಮ್ಮ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ಅವನು ಆಗ ರಾಣೆಬೆನ್ನೂರಿನ ಹಾಸ್ಟೆಲ್ಲಿನಲ್ಲಿದ್ದ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆ ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯ ಮಗ್ಗಲು, ಹೊಲದಲ್ಲೇ ಇತ್ತು. ಹಿತ್ತಲಿಗೆ ಹತ್ತಿಕೊಂಡು ಕಲ್ಲು ಕಟ್ಟಿದ ಒಂದು ಹೊಂಡ. ಬೋರಿನ ನೀರು ಅದರಲ್ಲಿ ಬಿದ್ದು ನಿಲ್ಲುತ್ತಿತ್ತು. ಒಂದು ಬೇಸಿಗೆಯಲ್ಲಿ ನಿಮ್ಮ ಅಜ್ಜ ಕರ್ಜಗಿ ಕಡೆ ನೆಂಟರ ಮನೆಗೆ ಹೋದವರು, ಹೊಳೆ ಬತ್ತಿ ಕೆಸರಿನಲ್ಲಿ ಬಾಯಿ ತೆರೆಯುತ್ತಿದ್ದ ಮೀನಿನ ಮರಿಗಳನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದರು. ನಮ್ಮದು ಮೀನು ಮುಟ್ಟದ ಮನೆ. ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಹೊಸ್ತಿಲಲ್ಲೇ ತಡೆದರು.

"ಏನೋ ಇದು?"

"ಯವ್ವಾ, ತಿನ್ನಾಕ ಅಲ್ಲ. ಸಾಕಾಕ."

"ಸಾಕಾಕ ಇದೇನ ಆಕಳಾ? ಹಾಲ ಹಿಂಡ್ತೀಯೇನು?"

"ಹಿಂಡಿದ್ರಾತು, ಕ್ಯಾನ್ ಹೆಂಗೂ ತಂದೇನಿ."

ಅತ್ತೆಗೆ ನಗು ಬಂತು, ಮೀನು ಹೊಂಡಕ್ಕೆ ಹೋದವು. ಅಂದಿನಿಂದ ನಿಮ್ಮ ಅಜ್ಜ ಊಟಕ್ಕೆ ಕೂರುವ ಮುಂಚೆ ಒಂದು ರೊಟ್ಟಿ ಹಿಡಿದುಕೊಂಡು ಹೊಂಡದ ಮೆಟ್ಟಿಲಿಗೆ ಹೋಗುತ್ತಿದ್ದರು. ಮುರಿದು ಹಾಕಿದ ಚೂರಿಗೆ ಮೀನು ಮೇಲೆ ಬಂದು ಬಾಯಿ ಹಾಕಿದ ಮೇಲೆಯೇ ಅವರ ಊಟ.

ಅವರು ಹೋದದ್ದು ಎದೆನೋವಿನಿಂದ, ಹಾವೇರಿ ಮುಟ್ಟುವುದರೊಳಗೆ. ಆ ಮಾತು ಇಲ್ಲಿ ಬೇಡ. ಮಗನ ಮಣ್ಣು ಮಾಡಿ ಬಂದ ಮೇಲೆ ಅತ್ತೆ ನೀರು ಬಿಟ್ಟರೆ ಬೇರೆ ಏನನ್ನೂ ಮುಟ್ಟಲಿಲ್ಲ. ಮಂದಿ ಬಂದರು, ಬೈದರು, ಬುದ್ಧಿ ಹೇಳಿದರು, ಹೋದರು. ಎಡೆ ಹಾಕುವ ದಿನ, ಮಗನ ಹೆಸರಿನಲ್ಲಿ ಮಾಡಿದ ಅಡಿಗೆಯಲ್ಲಿ ಒಂದು ಹೋಳಿಗೆ ಎತ್ತಿಕೊಂಡು ಅವರು ತಾವಾಗಿಯೇ ಹೊಂಡಕ್ಕೆ ನಡೆದರು. ಅವರ ಕಣ್ಣು ಮಂಜಾಗಿತ್ತು. ನೆರಳು ಕಾಣುತ್ತಿತ್ತೇ ಹೊರತು ಮೀನು ಕಾಣುತ್ತಿರಲಿಲ್ಲ. ಚೂರು ಹಾಕಿ ಕಿವಿಗೊಟ್ಟು ಕೂತರು. ಮೀನುಗಳು ಪಚಪಚ ಎಂದು ಬಾಯಿ ಹಾಕಿದ ಸಪ್ಪಳ ಕೇಳಿತು.

"ಅವ ಉಂಡ," ಎಂದರು. "ಈಗ ನನಗ ಹಾಕು."

ಅಂದಿನಿಂದ ಅದೇ ಪದ್ಧತಿಯಾಯಿತು. ದಿನಾ ಹೊತ್ತು ಇಳಿಯುವಾಗ ನಾನು ಕೈ ಹಿಡಿದು ಕರೆದೊಯ್ಯುವುದು, ಮೀನು ಬಾಯಿ ಹಾಕಿದ ಸಪ್ಪಳ ಕೇಳಿಸಿಕೊಂಡು ಅವರು ಬಂದು ಉಣ್ಣುವುದು. ಸರಿಯೋ ತಪ್ಪೋ ನಾನು ಯೋಚಿಸಲಿಲ್ಲ. ಉಣ್ಣುತ್ತಿದ್ದರಲ್ಲ, ನನಗಷ್ಟೇ ಸಾಕಾಗಿತ್ತು.

ಆ ವರ್ಷ ಮಳೆ ತಡವಾಯಿತು. ಮೆಣಸಿನ ಅಗಿ, ಅಂದರೆ ಎಳೆಸಸಿ, ಮಡಿಗಳಲ್ಲಿ ಬಾಡತೊಡಗಿತು. ನನ್ನ ಮೈದುನ, ಅಂದರೆ ನಿಮ್ಮ ಸಣ್ಣಜ್ಜ, ಮೇಲಿನ ಮಡಿಗಳಿಗೆ ನೀರೆತ್ತಲು ಹೊಂಡದ ದಂಡೆಗೆ ಹೊಸ ಮೋಟರ್ ಕೂರಿಸಿದ. ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಎಲ್ಲರ ಹೊಲದಲ್ಲಿದ್ದಂತೆ ನಮ್ಮಲ್ಲೂ ಮೋಟರನ್ನು ಆಟೋಕ್ಕೆ ಹಾಕಿ ಬಿಟ್ಟಿರುತ್ತಿದ್ದರು: ಕರೆಂಟು ಬಂದರೆ ತಾನೇ ಶುರು, ಹೋದರೆ ತಾನೇ ಬಂದ್.

ನನಗೆ ಮೊದಲು ಸಂಶಯ ಬಂದದ್ದು ಬೆಳ್ಳಕ್ಕಿಗಳಿಂದ. ಮೋಟರ್ ಗುಂಯ್ ಎಂದ ಕೂಡಲೇ ಎಲ್ಲಿಂದಲೋ ಬಂದು, ಮಡಿಗಳಿಗೆ ನೀರು ಹರಿಯುವ ಕಾಲುವೆಯ ಬಾಯಿಯಲ್ಲಿ ನಿಲ್ಲುತ್ತಿದ್ದವು. ಒಂದು ದಿನ ಹತ್ತಿರ ಹೋಗಿ ನೋಡಿದೆ. ನೀರಿನ ಜೊತೆ ಮೀನಿನ ತುಂಡುಗಳು ಬರುತ್ತಿದ್ದವು. ಅಗಿಯ ಬುಡದಲ್ಲಿ ಒಂದು ಬಾಲ ಇನ್ನೂ ಅಲುಗುತ್ತಿತ್ತು. 

ನೀರಿನೊಳಗೆ ಇಳಿಬಿಟ್ಟ ಪೈಪಿನ ತುದಿಗೆ ಒಂದು ಫುಟ್‌ವಾಲ್ ಇರುತ್ತದೆ, ನೀರೆಳೆಯುವ ಬಾಯಿ. ಅದರ ಕಿಂಡಿಗಳು ದೊಡ್ಡವು, ಸಣ್ಣ ಮೀನು ಸಲೀಸಾಗಿ ಒಳಗೆ ಹೋಗುತ್ತವೆ. ಮೋಟರ್ ನಿಲ್ಲಿಸು ಎಂದು ಮೈದುನನಿಗೆ ಹೇಳಲು ನನಗೆ ಧೈರ್ಯವಿರಲಿಲ್ಲ. ಗಂಡ ಇದ್ದಾಗಲೇ ಅವನ ಎದುರು ನಿಂತು ಮಾತಾಡಿದವಳಲ್ಲ ನಾನು. ಮೇಲಾಗಿ ಅಗಿ ಒಣಗಿದರೆ ಇಡೀ ಮನೆಯೇ ಏನು ಉಣ್ಣಬೇಕು? ಅವನ ಚಿಂತೆಯೂ ಖರೇನೇ.

ಮೀನುಗಳನ್ನೇ ಬೇರೆ ಕಡೆ ಇಡೋಣ ಎಂದುಕೊಂಡೆ. ದನಕ್ಕೆಂದು ಕಟ್ಟಿಸಿದ ಹೊಸ ಸಿಮೆಂಟಿನ ತೊಟ್ಟಿ ಇತ್ತು. ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈ. ಕಣ್ಣು ಮುಚ್ಚಿಕೊಂಡು ಜರಡಿಯಿಂದ ಒಂದಿಷ್ಟು ಹಿಡಿದು ತೊಟ್ಟಿಗೆ ಬಿಟ್ಟೆ. ಮಧ್ಯಾಹ್ನಕ್ಕೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲಿದವು. ಹೊಸ ಸಿಮೆಂಟಿನ ನೀರು ಅವಕ್ಕೆ ವಿಷವೆಂದು ಮೀನು ಗೊತ್ತಿದ್ದ ಮಂದಿಯಾದರೆ ಹೇಳುತ್ತಿದ್ದರು. ನಾನು ಕೇಳಿರಲೂ ಇಲ್ಲ, ಕೇಳುವುದಾದರೂ ಯಾರನ್ನು?

ಆ ಸಂಜೆ ಅತ್ತೆ ಚೂರು ಹಾಕಿದಾಗ ಸಪ್ಪಳ ಕಡಿಮೆಯಿತ್ತು. "ಇವತ್ತ ಸರಿಯಾಗಿ ಉಣ್ಣಲಿಲ್ಲ ಅವ," ಎಂದು ತಮ್ಮ ರೊಟ್ಟಿಯನ್ನೂ ಅರ್ಧಕ್ಕೆ ಬಿಟ್ಟೆದ್ದರು.

ಮಾರನೆಯ ದಿನ ನಾನು ಒಬ್ಬಳೇ ಹಾವೇರಿಗೆ ಹೋದೆ. ಗಂಡ ಹೋದ ಮೇಲೆ ಮನೆಯ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಬಸ್ಸಿನಲ್ಲಿ ಪರಿಚಯದ ಹೆಂಗಸರು ನನ್ನ ಬರಿ ಹಣೆ ನೋಡಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಪಿನ ಅಂಗಡಿಯಲ್ಲಿ ಗಂಡಸರೇ ತುಂಬಿದ್ದರು. ಬಹಳ ಹೊತ್ತು ಕಂಬಕ್ಕೆ ಆತು ನಿಂತಿದ್ದೆ. ಕೊನೆಗೆ ಅಂಗಡಿಯವನೇ ಕರೆದ.

"ಏನ ಬೇಕಾಗಿತ್ರಿ ಅಕ್ಕಾರ?"

"ಪೈಪಿಗೆ ಏನರ ಕಟ್ಟಾಕ... ಮೀನ ಹೋಗಬಾರದು."

"ಮೀನ ಹೋಗಬಾರದಾ, ಹೋಗಬೇಕಾ?" ಬೆಂಚಿನ ಮೇಲೆ ಕೂತವನೊಬ್ಬ ಕೇಳಿದ. "ಕತ್ತರಿಸಿ ಕೊಡ್ತೈತಂದ್ರ ಛಲೋನ ಆತಲ್ಲ. ಅಕ್ಕಾರು ಮಸಾಲಿ ಅರದ್ರ ಮುಗೀತು."

ಎಲ್ಲರೂ ನಕ್ಕರು. ಅಂಗಡಿಯವನು ಅವನನ್ನು ಗದರಿಸಿ ಸಣ್ಣ ಕಣ್ಣಿನ ತಂತಿಜಾಳಿಗೆಯ ಒಂದು ತುಂಡು ಕತ್ತರಿಸಿ ಕೊಟ್ಟ. "ಫುಟ್‌ವಾಲ್‌ಗೆ ಬಿಗಿಯಾಗಿ ಸುತ್ತರಿ, ಸೊಳ್ಳಿನೂ ಹೋಗೂದಿಲ್ಲ," ಎಂದ. ಬಸ್ಸಿನಲ್ಲಿ ಆ ಜಾಳಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಕರೆಂಟಿಲ್ಲದ ಹೊತ್ತಿನಲ್ಲಿ ನೀರಿಗಿಳಿದು ಬಿಗಿಯಾಗಿ ಸುತ್ತಿದೆ. ಮರುದಿನ ಕರೆಂಟು ಬಂತು, ಮೋಟರ್ ಶುರುವಾಯಿತು. ಕಾಲುವೆಗೆ ಓಡಿ ನೋಡಿದೆ, ತುಂಡುಗಳಿರಲಿಲ್ಲ. ಸಮಾಧಾನವಾಗಿ ಒಲೆಯ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಮೈದುನ ಕೂಗಾಡುವುದು ಕೇಳಿಸಿತು. ನೀರು ಎಳೆಯದೆ ಮೋಟರ್ ಕಾದು ಹೊಗೆ ವಾಸನೆ ಬಂದಿತ್ತು. ಅವನು ಪೈಪು ಎತ್ತಿದ್ದ. ಜಾಳಿಗೆಯ ಸುತ್ತ ಪಾಚಿ ಮೆತ್ತಿತ್ತು. ಪಾಚಿಯ ಮೇಲೆ ಮೀನುಗಳು, ಗೋಡೆಗೆ ಬಡಿದ ಬೆರಣಿಯ ಹಾಗೆ, ಚಪ್ಪಟೆಯಾಗಿ ಅಂಟಿಕೊಂಡಿದ್ದವು.

"ಯಾರ ಕಟ್ಟಿದ್ದು ಇದನ್ನ?"

ನಾನು ಬಾಗಿಲ ಮರೆಯಲ್ಲಿ ನಿಂತು, "ನಾನರೀ," ಎಂದೆ.

"ವೈನಿ, ನಿಮಗ ಮೀನ ಬೇಕೋ ಮೆಣಸಿನಕಾಯಿ ಬೇಕೋ? ಮೋಟರ್ ಸುಟ್ಟಿದ್ರ ಏನ ಮಾಡ್ಬೇಕಿತ್ತು?" ಜಾಳಿಗೆಯನ್ನು ಹರಿದು ಬೇಲಿಯಾಚೆ ಎಸೆದ. ಆಮೇಲೆ ದನಿ ತಗ್ಗಿಸಿ, "ಅಣ್ಣನ್ನ ಮೀನಾಗ ಹುಡುಕಿದ್ರ ಸಿಗ್ತಾನೇನ್ರೀ," ಎಂದ. ಅವನ ಕಣ್ಣೂ ಒದ್ದೆಯಾಗಿದ್ದವು. ಹೊಂಡದ ಕಡೆ ನೋಡದೆ ಹೋಗಿಬಿಟ್ಟ.

ಅಂದು ಸಂಜೆ ಒಂದು ಮೀನೂ ಮೇಲೆ ಬರಲಿಲ್ಲ. ಉಳಿದವು ಹೆದರಿ ತಳ ಸೇರಿದ್ದವೋ, ಉಳಿದೇ ಇರಲಿಲ್ಲವೋ. ಅತ್ತೆ ಚೂರು ಹಾಕುತ್ತಲೇ ಇದ್ದರು. ನನಗೆ ತಾಳಲಾಗಲಿಲ್ಲ. ಅವರ ಬೆನ್ನ ಹಿಂದೆ ನಿಂತು ಸಣ್ಣ ಹರಳುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟೆ.

ಅತ್ತೆ ತಿರುಗದೆಯೇ ಹೇಳಿದರು: "ಕಲ್ಲ ಮುಳಗೂದು ಬ್ಯಾರೆ, ಮೀನ ಬಾಯಿ ಹಾಕೂದು ಬ್ಯಾರೆ ಯವ್ವಾ. ಕಣ್ಣ ಹೋಗ್ಯಾವು, ಕಿವಿ ಅದಾವು."

ಆ ದಿನ ಅವರು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಗಂಜಿ ಮಾಡಿ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುವರು. ಕೈ ಮುಟ್ಟಿದರೆ ಬರೀ ಎಲುಬು. "ಅತ್ತಿ, ನನ್ನ ಸಲುವಾಗಿ ಒಂದ ತುತ್ತ ಉಣ್ರಿ," ಎಂದರೆ, "ನಿನಗ ಮಗ ಅದಾನು. ನೀ ಉಣ್ಣು," ಎನ್ನುವರು. ಒಂದೇ ವರ್ಷದಲ್ಲಿ ಇಬ್ಬರನ್ನು ಕಳಿಸಿದರೆ ಈ ಮನೆಯಲ್ಲಿ ನಾನು ಹೇಗೆ ದೀಪ ಹಚ್ಚಲಿ ಎಂದು ಹಿತ್ತಲಿಗೆ ಹೋಗಿ, ಯಾರಿಗೂ ಕೇಳದಂತೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಹಾಗೆ ಕೂತಿದ್ದಾಗಲೇ ಕರೆಂಟು ಬಂದು ಮೋಟರ್ ಗುಂಯ್ ಎಂದಿತು. ಏನು ಹೊಳೆಯಿತೋ, ಸೀರೆ ಸಿಕ್ಕಿಸಿ ಮೆಟ್ಟಿಲಿಳಿದು ಎದೆಮಟ ನೀರಿಗೆ ಹೋದೆ. ಮೀನನ್ನು ಎಳೆಯುವುದು ಏನೆಂದು ನನ್ನ ಕೈಯಿಂದಲೇ ನೋಡಬೇಕಿತ್ತು. ಫುಟ್‌ವಾಲ್ ಹತ್ತಿರ ಅಂಗೈ ಒಯ್ದದ್ದೇ ತಡ, ಫಟ್ಟನೆ ಎಳೆದು ಅಂಟಿಸಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಅಂಗೈ ಕೆಂಪಾಗಿ ಗೆರೆ ಬಿದ್ದಿದ್ದವು. ನನಗೇ ಹೀಗಾದರೆ ಅವುಗಳ ಪಾಡೇನು? ಮತ್ತೆ ಕೈ ಒಯ್ದೆ, ಈ ಸಲ ಮೆಲ್ಲಗೆ. ನಾಲ್ಕು ಬೆರಳು ದೂರದಲ್ಲಿ ಸೆಳೆತ ಜೋರಿತ್ತು. ಒಂದು ಗೇಣು ಹಿಂದೆ ತಂದರೆ ಕೈ ತೊಳೆದ ನೀರು ಹರಿದಷ್ಟೇ.

ನೀರಿನಲ್ಲಿ ನಿಂತೇ ನನಗೆ ತಿಳಿಯಿತು. ಬಿಗಿಯಾಗಿ ಸುತ್ತಿದ್ದೇ ತಪ್ಪಾಗಿತ್ತು. ಜಾಳಿಗೆ ಎಷ್ಟೇ ಸಣ್ಣದಿರಲಿ, ಬಾಯಿಗೆ ಹತ್ತಿದಂತಿದ್ದರೆ ಮೀನು ಅಂಟಿ ಸಾಯುತ್ತವೆ. ಸುತ್ತಲೂ ಒಂದು ಗೇಣು ಬಯಲು ಬಿಟ್ಟು ಬೇಲಿ ಹಾಕಬೇಕು.

ನಮ್ಮ ಮೆಣಸಿನಕಾಯಿ ಬುಟ್ಟಿಗಳು ಒತ್ತಾಗಿ ಹೆಣೆದವು, ನೀರು ಆಡುವುದಿಲ್ಲ. ಅಗಲವಿರಬೇಕು, ಕಣ್ಣೂ ಇರಬೇಕು. ಅಂಥದ್ದು ಇದ್ದದ್ದು ಒಂದೇ: ದಾರಿಯಾಚೆ ಮನೆಯವಳು ಕೋಳಿ ಕವುಚುವ ಬಿದಿರಿನ ಬುಟ್ಟಿ. ಕೋಳಿ ಸಾಕುವವರ ಮನೆಯ ಸಾಮಾನು ಅತ್ತೆಯ ಹಿತ್ತಲಿಗೆ ಅಲ್ಲಿಯವರೆಗೆ ಬಂದಿರಲಿಲ್ಲ. ನಾನು ಒದ್ದೆ ಸೀರೆಯಲ್ಲೇ ದಾರಿ ದಾಟಿದೆ.

ವಿಷಯ ಕೇಳಿ ಆಕೆ ಬುಟ್ಟಿಯಿಂದ ಕೋಳಿಗಳನ್ನು ಹೊರಗೆ ಓಡಿಸಿದಳು. "ಮೀನಿಗೆ ಕೋಳಿ ಮನಿ ಕಟ್ಟಾಕತ್ತೀಯೇನ ತಂಗಿ? ಮೊಟ್ಟಿ ಇಟ್ರ ಅರ್ಧ ನನಗ ಕೊಡಬೇಕು ನೋಡ ಮತ್ತ." ನಾನು ಅಳುವುದನ್ನು ಕಂಡು ನಗೆ ನಿಲ್ಲಿಸಿದಳು. ಬುಟ್ಟಿಯನ್ನು ತಾನೇ ಬೂದಿ ಹಚ್ಚಿ ತಿಕ್ಕಿ ತೊಳೆದಳು. ಆಮೇಲೆ ಒಳಗೆ ಹೋಗಿ ಉಳ್ಳಾಗಡ್ಡಿಯ ಕೆಂಪು ಬಲೆಚೀಲಗಳನ್ನು ತಂದಳು. ಇಬ್ಬರೂ ಅವಳ ಕಟ್ಟೆಯ ಮೇಲೆ ಕೂತು ಬುಟ್ಟಿಯ ಹೊರಗೆ, ತಳಕ್ಕೂ ಬಿಡದಂತೆ, ಚೀಲಗಳನ್ನು ದಬ್ಬಣದಿಂದ ಹೊಲಿದೆವು.

ಪೈಪು ಎತ್ತದೆ ಬುಟ್ಟಿ ಇಡುವಂತಿರಲಿಲ್ಲ. ಮೈದುನ ಹೊಲದಿಂದ ಬರುವುದನ್ನೇ ಕಾದು, ಸೆರಗು ಸರಿ ಮಾಡಿಕೊಂಡು ಅವನ ದಾರಿಗೆ ಅಡ್ಡ ನಿಂತೆ. 

"ಮೋಟರ್ ಬಂದ್ ಮಾಡ್ರಿ. ಇದನ್ನ ಇಡಬೇಕು."

ಅವನು ಬುಟ್ಟಿ ನೋಡಿದ, ನನ್ನನ್ನು ನೋಡಿದ. "ಇದೇನ್ರೀ ವೈನಿ ಮತ್ತ?"

"ನೀರ ಒಂದ ಹನಿ ಕಡಿಮಿ ಬಂದ್ರ ನಾನ ತಗದ ಒಗೀತೀನಿ. ಆದ್ರ ಅತ್ತಿ ಮೂರ ಹೊತ್ತಿನಿಂದ ನೀರನೂ ಕುಡದಿಲ್ಲ. ನೀವ ಒಳಗ ಹೋಗಿ ಒಮ್ಮೆ ನೋಡ್ರಿ."

ಅವನು ಒಳಗೆ ಹೋದ. ಹೊರಗೆ ಬಂದವನು ಸ್ಟಾರ್ಟರ್ ಒತ್ತಿ ಮೋಟರ್ ನಿಲ್ಲಿಸಿದ. ಪೈಪನ್ನು ಬುಟ್ಟಿಯ ನಡುವೆ ಬರುವಂತೆ ಇಳಿಸಿ, ಬುಟ್ಟಿಯ ಬಾಯಿಯನ್ನು ಪೈಪಿನ ಸುತ್ತ ಬಲೆಚೀಲದಿಂದ ಕಟ್ಟಿ, ಅಲುಗದಂತೆ ಕಲ್ಲು ಹೇರಿದ. ಮತ್ತೆ ಶುರು ಮಾಡಿ ಕಾಲುವೆಗೆ ಹೋಗಿ ನಿಂತ. ನಾನು ಹೊಂಡದ ದಂಡೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ.

"ತುಂಬಿ ಬರಾಕತ್ತೈತಿ," ಎಂದು ಅಲ್ಲಿಂದಲೇ ಕೂಗಿದ. ಬಹಳ ಹೊತ್ತಾದರೂ ಮೋಟರ್ ಕಾಯಲಿಲ್ಲ. ಕೈಯಿಂದ ಚೀಲವನ್ನು ಸವರಿ ನೋಡಿದೆ, ಪಾಚಿ ಬಿಟ್ಟರೆ ಏನೂ ಅಂಟಿರಲಿಲ್ಲ. ಆದರೆ ಅಂಟಲು ಮೀನು ಉಳಿದಿದ್ದರೆ ತಾನೇ? 

ಅತ್ತೆಗೆ ನಡೆಯುವ ಶಕ್ತಿ ಇರಲಿಲ್ಲ. ಮೈದುನ ಅವರನ್ನು ಎತ್ತಿ ತಂದು ಮೆಟ್ಟಿಲ ಮೇಲೆ ಕೂರಿಸಿದ. ತಾನೂ ಪಕ್ಕದಲ್ಲಿ ಕೂತ; ಅಣ್ಣ ಹೋದ ಮೇಲೆ ಅವನು ಆ ಮೆಟ್ಟಿಲ ಮೇಲೆ ಕೂತದ್ದು ಅಂದೇ ಮೊದಲು. ನಾನು ರೊಟ್ಟಿ ಮುರಿದು ಅತ್ತೆಯ ಕೈಗಿಟ್ಟೆ. ಹಾಕಿದರು. ಏನೂ ಇಲ್ಲ. ಇನ್ನೊಂದು ಚೂರು. ನೀರು ಸುಮ್ಮನಿತ್ತು. ಮೋಟರಿನ ಸಪ್ಪಳಕ್ಕೆ ಕೇಳಿಸುತ್ತಿಲ್ಲವೇನೋ ಎಂದು ಮೈದುನ ಎದ್ದು ಅದನ್ನು ಬಂದ್ ಮಾಡಿದ. ಅತ್ತೆ ಏಳಲು ಹೊರಟರು. ನಾನು ಅವರ ಭುಜ ಒತ್ತಿ ಹಿಡಿದೆ. ಅತ್ತೆಯ ಮೈ ಮೇಲೆ ಹಾಗೆ ಕೈ ಹಾಕಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. "ಇನ್ನೊಂದ ಹಾಕ್ರಿ," ಎಂದೆ.

ಹೊತ್ತು ಮುಳುಗುತ್ತಿತ್ತು. ಮೂಲೆಯ ಕಲ್ಲಿನ ಕೆಳಗಿಂದ ಒಂದು ಮೀನು, ಬಾಲದ ತುದಿ ಹರಿದದ್ದು, ಓರೆಯಾಗಿ ಈಜುತ್ತ ಮೇಲೆ ಬಂತು. ಚೂರಿನ ಸುತ್ತ ಸುತ್ತಿತು, ದೂರ ಹೋಯಿತು, ತಿರುಗಿ ಬಂದು ಬಾಯಿ ಹಾಕಿತು. ಪಚ್ ಎಂದು ಸಣ್ಣ ಸಪ್ಪಳ. ಅದರ ಹಿಂದೆ ಇನ್ನೂ ಎರಡು ನೆರಳು ಕಂಡವು.

ಅತ್ತೆ ತಲೆ ಓರೆ ಮಾಡಿ ಕೇಳುತ್ತ ಕೂತರು. ಆಮೇಲೆ ನನ್ನ ಕಡೆ ಕೈ ಚಾಚಿದರು.

ಒಂದು ತುತ್ತು ನುಂಗುವುದಕ್ಕೆ ಬಹಳ ಹೊತ್ತು ಬೇಕಾಯಿತು. ನಡುವೆ, "ಆ ಬುಟ್ಟಿ ಯಾರದ?" ಎಂದು ಕೇಳಿದರು. ಒಳಗೆ ಮಲಗಿದಲ್ಲೇ ಎಲ್ಲ ಕೇಳಿಸಿಕೊಂಡಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಕೋಳಿ ಒಳಗ ಇಲ್ಲಲ್ಲಾ?"

"ಇಲ್ರಿ."

"ಇರ್ಲಿ ಹಂಗಾರ."

ಅರ್ಧ ರೊಟ್ಟಿ ಉಂಡರು. ಉಳಿದ ಅರ್ಧವನ್ನು ನಾನು ಎತ್ತಿಕೊಳ್ಳಲು ಹೋದರೆ ಬಿಡಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, "ಇದ ನಾಳಿಗೆ ಅವಕ್ಕ," ಎಂದರು.