ಗೆರೆ ಎಳೆದವರ ಗಾಡಿ

ಉಮಾಮಹೇಶ್ವರಿಯವರಿಗೆ ಗಾಡಿಗಳ ಮೇಲೆ ನಂಬಿಕೆಯಿತ್ತು, ಗಾಡಿಯ ಯಜಮಾನರ ಮೇಲೆ ಇರಲಿಲ್ಲ. ಅದು ಅವರ ಕೆಲಸ ಕಲಿಸಿದ ಪಾಠ. ಅಪಘಾತವಾದ ಕಾರುಗಳನ್ನು ಪರೀಕ್ಷಿಸಿ ವಿಮೆ ಕಂಪನಿಗೆ ವರದಿ ಕೊಡುವುದು ಅವರ ಉದ್ಯೋಗ. "ನಿಂತ ಕಾರಿಗೆ ಹಸು ಗುದ್ದಿತು ಮೇಡಂ" ಎಂದು ಯಾರಾದರೂ ಹೇಳಿದರೆ, ಅವರು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪೆಟ್ಟಿನ ಎತ್ತರ ನೋಡುತ್ತಿದ್ದರು. ಅಷ್ಟು ಗಿಡ್ಡ ಹಸು ಚೆನ್ನೈಯಲ್ಲಿ ಇಲ್ಲವೆಂದು ಖಾತ್ರಿಯಾದ ಮೇಲೆ, ನಗದೆಯೇ, "ಇನ್ನೊಮ್ಮೆ ಹೇಳ್ರಿ, ಏನಾತು?" ಎನ್ನುತ್ತಿದ್ದರು.

ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ಮದುವೆಯಾಗಿ ಚೆನ್ನೈಗೆ ಬಂದು, ಪೋರೂರಿನಲ್ಲಿ ಮನೆ ಮಾಡಿದ ಮೇಲೆಯೇ ಸ್ಟೇರಿಂಗ್ ಹಿಡಿದದ್ದು. ಕಲಿಸಿದವರು ಗಂಡ ವೀರಪ್ಪ. ಇವತ್ತಿಗೂ ಬಂದವರ ಮುಂದೆಲ್ಲ ಅವರದು ಒಂದೇ ಮಾತು: "ನಾ ಈಕಿಗೆ ಗೇರ್ ಏರಿಸೋದು ಕಲಿಸಿದೆ. ಇಳಿಸೋದು ಇನ್ನೂ ಬಾಕಿ ಐತಿ."

ಶ್ರೀಪೆರುಂಬುದೂರಿನ ಕಡೆಯ ಟ್ರ್ಯಾಕಿನಲ್ಲಿ ಕೆಲವು ಭಾನುವಾರ ಅವರ ಕ್ಲಬ್ಬಿನವರು ತಂತಮ್ಮ ಸ್ವಂತ ಕಾರುಗಳಲ್ಲಿ ರೇಸ್ ಓಡುತ್ತಾರೆ. ದಂತವೈದ್ಯರು, ಬ್ಯಾಂಕಿನವರು, ಅಂಗಡಿಯವರು; ಯಾರಿಗೂ ಇದು ಹೊಟ್ಟೆಪಾಡಲ್ಲ. ಉಮಾಮಹೇಶ್ವರಿಯವರದು ಹಳೆಯ ಜೆನ್ ಕಾರು. ಅದರ ಎಂಜಿನ್ನನ್ನು ತಾವೇ ಬಿಚ್ಚಿ, ಉಜ್ಜಿ, ಜೋಡಿಸಿ ಒಳ್ಳೆಯ ಹದಕ್ಕೆ ತಂದಿದ್ದರು. ಆದರೂ ಇಷ್ಟು ವರ್ಷಗಳಲ್ಲಿ ಒಂದು ಕಪ್ಪೂ ಮನೆಗೆ ಬಂದಿರಲಿಲ್ಲ. ಒಂದೇ ಒಂದು ಸಲ ಗೆಲ್ಲಬೇಕು ಎಂಬ ಆಸೆಯನ್ನು ಅವರು ಯಾರ ಹತ್ತಿರವೂ ಮುಚ್ಚಿಟ್ಟವರಲ್ಲ.

ಕ್ಲಬ್ಬಿನಲ್ಲಿ ಕಾರುಗಳನ್ನು ಎಂಜಿನ್ನಿನ ಗಾತ್ರ ನೋಡಿ ಗುಂಪು ಮಾಡುವ ಪದ್ಧತಿಯಿತ್ತು. ಹಿಂದೆ ಅದು ಸರಿಯಾಗಿಯೇ ನಡೆಯಿತು. ಆಮೇಲೆ ಟರ್ಬೊ ಇಟ್ಟ ಸಣ್ಣ ಎಂಜಿನ್ನುಗಳು ಬಂದವು. ಗಾತ್ರ ಅಷ್ಟೇ, ಬಲ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಕ್ಲಬ್ಬಿನ ಕಾರ್ಯದರ್ಶಿ ಸುಜಯೀಂದ್ರ ಅಂಥದೊಂದು ಕಾರು ತಂದ ವರ್ಷದಿಂದ ಹಳೆಯ ಕಾರಿನವರಿಗೆ ಅವರ ಬೆನ್ನೂ ಕಾಣದಂತಾಯಿತು. ಒಬ್ಬೊಬ್ಬರೇ ಬರುವುದು ಬಿಟ್ಟರು. ಕೊನೆಗೆ ಸುಜಯೀಂದ್ರರೇ ಉಮಾಮಹೇಶ್ವರಿಯವರ ಮನೆಗೆ ಬಂದು ಕೂತರು.

"ಒಬ್ಬನೇ ಓಡಿ ಒಬ್ಬನೇ ಗೆಲ್ಲೋದಕ್ಕೆ ಮನೇಲಿ ಟ್ರೆಡ್‌ಮಿಲ್ ಇದೆ ರೀ. ನೀವೇ ಒಂದು ರೂಲ್ ಮಾಡಿಕೊಡಿ. ನೀವು ಹೇಳಿದ್ರೆ ಎಲ್ಲಾರೂ ಕೇಳ್ತಾರೆ."

"ಕೇಳ್ತಾರ, ಕೇಳಿ ಹೆಂಗ ತಪ್ಪಿಸ್ಕೋಬೇಕಂತ ನೋಡ್ತಾರ. ಮಾಡೂಣಂತ," ಎಂದರು ಉಮಾಮಹೇಶ್ವರಿ.

ಅವರ ನಿಯಮ ಸರಳವಾಗಿತ್ತು. ಎಂಜಿನ್ ಎಷ್ಟು ದೊಡ್ಡದು ಎಂದು ಕೇಳುವುದೇ ಬೇಡ. ಚಕ್ರಗಳನ್ನು ಉರುಳೆಯ ಮೇಲೆ ಓಡಿಸಿ ಬಲ ಅಳೆಯುವುದು, ಓಡಿಸುವವರನ್ನು ಕೂರಿಸಿಕೊಂಡೇ ಕಾರನ್ನು ತೂಗುವುದು, ಒಂದೊಂದು ಕುದುರೆಶಕ್ತಿಯ ಪಾಲಿಗೆ ಎಷ್ಟು ಕಿಲೋ ಭಾರ ಬೀಳುತ್ತದೆಂದು ನೋಡುವುದು. ಭಾರ ಹೆಚ್ಚು ಬಿದ್ದರೆ ನಿಧಾನದ ಗುಂಪು, ಕಡಿಮೆ ಬಿದ್ದರೆ ವೇಗದ ಗುಂಪು. ರಸ್ತೆಗೆ ಅಂಟಿಕೊಳ್ಳುವ ರೇಸ್ ಟೈರು ಹಾಕಿದವರಿಗೆ ಲೆಕ್ಕದಲ್ಲಿ ಸ್ವಲ್ಪ ಕಡಿತ.

ಪರೀಕ್ಷೆಗೆಂದು ಒಂದು ಭಾನುವಾರ ಬೆಳಿಗ್ಗೆ, ಬಿಟ್ಟುಹೋದವರನ್ನೂ ಕರೆಸಿ, ಓಟಕ್ಕೆ ಮೊದಲು, ನಾಲ್ಕು ಚಕ್ರಕ್ಕೂ ಒಂದೊಂದು ತೂಕದ ಹಲಗೆ ಇಟ್ಟು ತೂಗಲು ನಿಂತರು. ಎಡವಿದ್ದು ಅಲ್ಲಿಯೇ. ಸೌಕಾರ್‌ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗುರುಚರಣ, ಮೊದಲೇ ದಪ್ಪ ಆಸಾಮಿ, ಬೆಲ್ಟು ಸಡಿಲಿಸಿಕೊಂಡು ಕಾರಿನೊಳಗೆ ತೂರುತ್ತಿದ್ದ.

"ಏನೋ ಗುರು, ಉಸಿರು ಬಿಡಾಕ ಒದ್ದಾಡಕತ್ತೀಯಲ್ಲ?"

"ಪೊಂಗಲ್ ಅಕ್ಕಾ. ಅದರ ಮೇಲೆ ವಡೆ. ಅದರ ಮೇಲೆ ಎಳನೀರು. ತೂಕ ಜಾಸ್ತಿ ಬಂದ್ರೆ ಒಳ್ಳೇದು ಅಂತ ನೀವೇ ಹೇಳಿದ್ರಲ್ಲ!"

ಎಲ್ಲರೂ ನಕ್ಕರು. ಉಮಾಮಹೇಶ್ವರಿಯವರೂ ನಕ್ಕರು, ನಗುತ್ತಲೇ ಪಕ್ಕದಲ್ಲಿ ತೂಕದ ಸರದಿಗೆ ಕಾದಿದ್ದ ಸಮೀರನ ಕಾರಿನ ಡಿಕ್ಕಿ ತೆಗೆಸಿದರು. ಸ್ಟೆಪ್ನಿ ಇರಬೇಕಾದ ಗುಳಿಯಲ್ಲಿ ಮರಳಿನ ಚೀಲಗಳು ಕೂಸುಗಳಂತೆ ಮಲಗಿದ್ದವು. ತೂಗಿಸಿಕೊಂಡು, ಓಟಕ್ಕೆ ಮೊದಲು ಎತ್ತಿ ಎಸೆಯುವ ಸಂಚು.

"ಇದು ಬ್ಯಾಲೆನ್ಸ್‌ಗೆ ಮೇಡಂ," ಎಂದ ಸಮೀರ್.

"ಹೌದಪ್ಪಾ, ಯಾವ್ದರ ಬ್ಯಾಲೆನ್ಸು ಅಂತ ನನಗೂ ತಿಳೀತು."

ತಪ್ಪು ಸಮೀರನದಲ್ಲ, ತಮ್ಮ ನಿಯಮದ್ದು ಎಂದು ಅವರಿಗೆ ಅಲ್ಲಿಯೇ ಹೊಳೆಯಿತು. ಹಲಗೆಗಳನ್ನು ಎತ್ತಿಸಿ, ರೇಸ್ ಮುಗಿಸಿ ಕಾರುಗಳು ಒಳಗೆ ಬರುವ ದಾರಿಗೆ ಹಾಕಿಸಿದರು. ಓಡಿ ಬಂದವರು ಬಂದಂತೆಯೇ, ಇಳಿಯದೆ, ತೂಕಕ್ಕೆ ನಿಲ್ಲಬೇಕು. ತಿಂದ ಪೊಂಗಲ್ಲಾಗಲಿ, ಹೊತ್ತ ಮರಳಾಗಲಿ, ಓಟದುದ್ದಕ್ಕೂ ಹೊತ್ತೇ ಓಡಲಿ. ಆ ದಿನ ಸಮೀರ್ ಮರಳನ್ನು ತಾನೇ ಇಳಿಸಿಟ್ಟ.

ಎಲ್ಲ ಕಾರುಗಳ ಲೆಕ್ಕ ಕೈಗೆ ಬಂದಾಗ ಉಳಿದದ್ದು ಒಂದೇ ಕೆಲಸ: ಎರಡು ಗುಂಪಿನ ನಡುವೆ ಗೆರೆ ಎಳೆಯುವುದು. ಯಾವ ಕಾರೂ ಇಲ್ಲದ ಖಾಲಿ ಜಾಗದಲ್ಲಿ ಗೆರೆ ಎಳೆದರೆ ಜಗಳವಿಲ್ಲ ಎಂಬುದು ಅವರ ಲೆಕ್ಕಾಚಾರ. ನೋಡಿದರೆ ಖಾಲಿ ಜಾಗ ಎರಡಿದ್ದವು, ಹೆಚ್ಚುಕಡಿಮೆ ಒಂದೇ ಅಗಲ. ಪಟ್ಟಿಯಲ್ಲಿ ಕೆಳಗೆ ಹಳೆಯ ಕಾರುಗಳ ಹಿಂಡು, ಮೇಲೆ ಹೊಸ ಕಾರುಗಳ ಹಿಂಡು, ನಡುವೆ ಒಂಟಿಯಾಗಿ ಒಂದು ಕಾರು. ಅದು ಅವರದೇ ಜೆನ್.

ಗೆರೆ ಜೆನ್‌ಗಿಂತ ಮೇಲೆ ಬಿದ್ದರೆ ನಿಧಾನದ ಗುಂಪಿನಲ್ಲಿ ಅವರನ್ನು ಹಿಡಿಯುವವರಿಲ್ಲ. ಕಪ್ ಮನೆಗೆ ಬಂದಂತೆಯೇ. ಕೆಳಗೆ ಬಿದ್ದರೆ ವೇಗದ ಗುಂಪಿನಲ್ಲಿ ಬಾಲದ ಜಾಗ ಅವರದೇ.

"ಮೇಲೇ ಎಳೀರಿ. ಲೆಕ್ಕ ಸರಿಯಾಗೇ ಇದೆ, ಯಾರೂ ಏನೂ ಅನ್ನಲ್ಲ," ಎಂದರು ಪಟ್ಟಿ ನೋಡಲು ಮನೆಗೆ ಬಂದಿದ್ದ ಸುಜಯೀಂದ್ರ.

ಮಗಳು ಬಿಂದು ಸೋಫಾದಿಂದಲೇ ಕೂಗಿದಳು, "ಅಮ್ಮಾ, ಯೋಸಿಕ್ಕಾದೇ! ಯೋಚನೇನೇ ಮಾಡ್ಬೇಡ, ಮೇಲೆ ಎಳೆದ್ಬಿಡು!"

ಉಮಾಮಹೇಶ್ವರಿಯವರಿಗೆ ಆಸೆಯಾಗಲಿಲ್ಲವೆಂದಲ್ಲ. ಕಪ್ ಎಲ್ಲಿಡಬೇಕೆಂದು ಗೋಡೆಯ ಕಡೆ ಕಣ್ಣು ಕೂಡ ಹೋಯಿತು. ಆದರೆ ಗುರುಚರಣನಂಥವರು ಬಿಟ್ಟುಹೋದದ್ದು ಯಾಕೆ? ಮುಂದೆ ಒಂದು ಕಾರು ಸದಾ ಕೈಗೆ ಸಿಗದೆ ಓಡುತ್ತಿತ್ತು, ಅದಕ್ಕೆ. ಅವರನ್ನು ಮತ್ತೆ ಕರೆದು, ಅದೇ ಜಾಗದಲ್ಲಿ ಇನ್ನೊಂದು ಕಾರು ನಿಲ್ಲಿಸಿ, ಅದರೊಳಗೆ ನಿಯಮ ಬರೆದವರೇ ಕೂತರೆ?

"ನಮ್ಮ ತವರುಮನ್ಯಾಗ ಒಂದು ಪದ್ಧತಿ ಐತ್ರಿ," ಎಂದರು. "ಹೋಳಿಗಿ ಪಾಲು ಮಾಡಿದಾಕಿ ಕಡೀಗೆ ತಗೋಬೇಕು. ಎಲ್ಲಾರೂ ತಗೊಂಡ ಮ್ಯಾಲ ಉಳದದ್ದು ಆಕೀದು."

ಗೆರೆ ಜೆನ್‌ನ ಕೆಳಗೆ ಬಿತ್ತು.

"ಗೇರ್ ಇಳಿಸೋದು ಕಡೀಗೂ ಕಲೀಲಿಲ್ಲ ಈಕಿ," ಎಂದರು ವೀರಪ್ಪ. ದನಿಯಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಹೊಸ ನಿಯಮದ ಮೊದಲ ಭಾನುವಾರ ಹಳೆಯ ಕಾರುಗಳು ಸಾಲಾಗಿ ಬಂದವು. ನಿಧಾನದ ಗುಂಪಿನ ಓಟದಲ್ಲಿ ಗುರುಚರಣನೂ ಸಮೀರನೂ ಪ್ರತಿ ತಿರುವಿಗೂ ಹಿಂದೆಮುಂದೆಯಾದರು. ಕೊನೆಗೆ ಅರ್ಧ ಬಾನೆಟ್ಟಿನ ಅಂತರದಲ್ಲಿ ಗುರುಚರಣ ಸೋತ. ಸೋತವನು ಗೆದ್ದವನಿಗಿಂತ ಜೋರಾಗಿ ಕೂಗುತ್ತ ತೂಕಕ್ಕೆ ಬಂದ. ಇಬ್ಬರ ತೂಕವೂ ಪಟ್ಟಿಯ ಅಂಕಿಗೆ ತಾಳೆಯಾಯಿತು.

ವೇಗದ ಗುಂಪಿನಲ್ಲಿ ಎಂಟು ಕಾರು. ಉಮಾಮಹೇಶ್ವರಿಯವರು ಎಲ್ಲರ ಹಿಂದೆ ನಿಂತು ಹೊರಟರು. ನೇರ ದಾರಿಯಲ್ಲಿ ಉಳಿದವರು ಹಕ್ಕಿಯಂತೆ ಹಾರಿಹೋದರು. ಆದರೆ ಹಗುರ ಕಾರಿಗೆ ತಿರುವು ತವರಿದ್ದಂತೆ. ಮುಂದಿದ್ದ ದಂತವೈದ್ಯರು ಪ್ರತಿ ತಿರುವಿನಲ್ಲೂ ಹೆದರಿ ಬೇಗ ಬ್ರೇಕ್ ಒತ್ತುವುದನ್ನು ಅವರು ಸುತ್ತು ಸುತ್ತಿಗೂ ನೋಡಿಟ್ಟುಕೊಂಡರು. ಕೊನೆಯ ಸುತ್ತಿನಲ್ಲಿ ತಾವು ಬ್ರೇಕಿನ ಮೇಲೆ ಕಾಲಿಡದೆ ಕಾದರು, ಇನ್ನೂ ಕಾದರು, ಆಮೇಲೆ ಒತ್ತಿ ಒಳಬದಿಯಿಂದ ನುಗ್ಗಿಬಿಟ್ಟರು.

ತೂಕದ ಹಲಗೆಯ ಮೇಲೆ ಜೆನ್ ನಿಂತಾಗ ಅಂಕಿ ಓದಲು ಬಗ್ಗಿದವನು ಗುರುಚರಣ. ಬಿಂದು ಕಿಟಕಿಗೆ ತಲೆ ತೂರಿಸಿದಳು.

"ಅಮ್ಮಾ, ನೀನು ಏಳನೇದು ಬಂದೆ. ಇದಕ್ಕೆ ಯಾಕೆ ಇಷ್ಟು ಸಿರಿಪ್ಪು?"

ಉಮಾಮಹೇಶ್ವರಿಯವರು ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಮುಖವೆಲ್ಲ ಬೆವರು, ಬೆವರಿನ ನಡುವೆ ನಗು.

"ಎಂಟನೇದಾಂವ ನನಗಿಂತ ಡಬಲ್ ಪವರ್ ಇಟ್ಕೊಂಡಾನ," ಎಂದರು. "ಗುರು, ಲಗೂ ಓದಪ್ಪಾ. ಹಿಂದ ಡಾಕ್ಟರು ಕಾಯಾಕತ್ಯಾರ."