ದೊಡ್ಡವರ ಹಾಗಿನ ಹುಡುಗನ ತಾಯಿ

ಶೀಲಾವತಿಗೆ ಇದ್ದದ್ದು ಒಂದೇ ಚಟ, ಮಗನನ್ನು ಹೊಗಳುವುದು. ಸುಳ್ಯದ ಕಡೆಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು ಅವಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಾರಾದರೂ ರೇಗಿದರೆ ಎದುರಾಡದೆ ಒಂದು ಚೆಂಬು ನೀರು ಸುರಿದು ಸುಮ್ಮನಾಗುವ ಸ್ವಭಾವ. ಆದರೆ ಮಗ ಸುಜಯನ ಮಾತು ಬಂತೋ, ಅವಳನ್ನು ನಿಲ್ಲಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅವನು ಹಟ ಮಾಡಿದವನಲ್ಲ, ಬೇಕು ಎಂದು ಅತ್ತವನಲ್ಲ, ಅಪ್ಪ ಬೈದರೆ ತಲೆ ತಗ್ಗಿಸಿ ಕೇಳುವವನು. ಒಟ್ಟಿನಲ್ಲಿ ಅವನು ದೊಡ್ಡವರ ಹಾಗೆ. ಇದನ್ನು ಅಕ್ಕಿ ಆರಿಸುತ್ತ ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಜೊತೆಯ ಅಡುಗೆಯವಳು ಅವಳಿಗಿಂತ ಮೊದಲೇ ವಾಕ್ಯ ಮುಗಿಸುತ್ತಿದ್ದಳು.

ಆ ಊರಿನಲ್ಲಿ ಕೋವಿ ಎಂದರೆ ಹಾರೆ, ಕತ್ತಿಗಳ ಸಾಲಿನ ಸಾಮಾನು. ಬೆಳೆ ಕಾಯಲೆಂದು ಸರಕಾರವೇ ಪರವಾನಗಿ ಕೊಟ್ಟದ್ದು. ಪರವಾನಗಿಯಲ್ಲಿ ಒಬ್ಬರ ಹೆಸರು ಇರುತ್ತದೆ ನಿಜ, ಆದರೆ ಅದು ಮನೆಯ ಕೋವಿ. ಮಂಗ ಬಂದಾಗ ಯಾರ ಕೈ ಬಿಡುವಾಗಿದೆಯೋ ಅವರು ಎತ್ತಿಕೊಳ್ಳುತ್ತಾರೆ. ಶೀಲಾವತಿಯ ಗಂಡ ಮಾಯಿಲಪ್ಪನ ಕೋವಿ, ಚುನಾವಣೆ ಮುಗಿಯುವ ತನಕ ಒಪ್ಪಿಸಬೇಕೆಂಬ ನಿಯಮದಂತೆ ಠಾಣೆ ಸೇರಿ, ಆಗಷ್ಟೇ ಮನೆಗೆ ಮರಳಿತ್ತು. ಅದು ಇಲ್ಲದ ದಿನಗಳಲ್ಲಿ ಹಂದಿಗಳು ಬಾಳೆಬುಡವನ್ನೆಲ್ಲ ಉತ್ತು ಹಾಕಿದ್ದವು. ಒಂದು ಮುಸ್ಸಂಜೆ, ತೋಟಕ್ಕೆ ನೀರು ಕೊಡುವ ತೋಡಿನ ಬದಿಯ ಪೊದೆ ಅಲುಗಿತು. ಮಾಯಿಲಪ್ಪ ಹಿಂದೆ ಮುಂದೆ ನೋಡದೆ ಹೊಡೆದ. ಪೊದೆಯಿಂದ ಕೇಳಿದ್ದು ಮನುಷ್ಯನ ಕೂಗು. ಪಂಪು ಹಾಕಲು ಬಂದ ನೆರೆಮನೆಯ ವೆಂಕಪ್ಪನ ತೊಡೆಗೂ ಹೊಟ್ಟೆಗೂ ಕೋವಿಯ ಚರೆಗುಂಡು ನಾಟಿದ್ದವು; ಪೊದೆಯ ಮರೆಯಲ್ಲಿದ್ದ ಅವನಿಗೆ ಹೊಡೆದವರು ಯಾರೆಂದು ಕಂಡಿರಲಿಲ್ಲ.

ಆಂಬುಲೆನ್ಸು ಹೋದ ಮೇಲೆ ದುಗ್ಗಪ್ಪ ಬಂದ. ಇವನು ಜಾಗದ ವ್ಯಾಜ್ಯಗಳಲ್ಲಿ ಕೋರ್ಟಿನ ಮೆಟ್ಟಿಲು ಸವೆಸಿ, ಅರ್ಧ ವಕೀಲನಾಗಿ, ಪೂರ್ತಿ ಸಲಹೆ ಕೊಡುವವನು. ತೋಡಿನ ನೀರಿನ ಜಗಳದಲ್ಲಿ ಮಾಯಿಲಪ್ಪ ಒಮ್ಮೆ ವೆಂಕಪ್ಪನಿಗೆ "ಮನೆಯಲ್ಲಿ ಕೋವಿ ಉಂಟು, ಗೊತ್ತಾಯ್ತಾ" ಎಂದಿದ್ದು ಊರಿಗೆಲ್ಲ ಗೊತ್ತು. ಈಗ ಮಾಯಿಲಪ್ಪನೇ ಹೊಡೆದನೆಂದರೆ ಉಳಿಗಾಲವಿಲ್ಲ. ಅದಕ್ಕೆ ದುಗ್ಗಪ್ಪ ದಾರಿ ಹೇಳಿದ.

"ಹುಡುಗ ಹೊಡೆದದ್ದು ಅಂತ ಹೇಳುದು. ಮಕ್ಕಳಿಗೆ ಎಂತ ಜೈಲು ಮಾರಾಯ? ಬುದ್ಧಿ ಹೇಳಿ ಮನೆಗೆ ಕಳಿಸ್ತಾರೆ."

ಎಲ್ಲರೂ ಸುಜಯನನ್ನು ನೋಡಿದರು. ವೆಂಕಪ್ಪ ಅವನಿಗೆ ಸೈಕಲ್ ಕಲಿಸಿದವನು. ಹುಡುಗ ಅಪ್ಪನ ಮುಖ ನೋಡಿ, ಆಗಲಿ ಎಂದ. ಶೀಲಾವತಿ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಯಜಮಾನ ಒಳಗೆ ಹೋದರೆ ಮನೆ ಏನಾದೀತು ಎಂಬ ಹೆದರಿಕೆ ಒಂದು ಕಡೆ; ಇನ್ನೊಂದು ಕಡೆ, ಹೇಳಲು ನಾಚಿಕೆಯಾಗಬೇಕು, ಮಗ ಎಷ್ಟು ದೊಡ್ಡ ಮನಸ್ಸಿನವನೆಂಬ ಹೆಮ್ಮೆ. ಪೊಲೀಸರಿಗೆ ಹೇಳಬೇಕಾದ್ದನ್ನು ಅವಳೇ ಪಕ್ಕ ಕುಳಿತು ಬಾಯಿಪಾಠ ಮಾಡಿಸಿದಳು.

ಮೊದಮೊದಲು ದುಗ್ಗಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ಮಂಗಳೂರಿನ ಬಾಲನ್ಯಾಯ ಮಂಡಳಿ ಹುಡುಗನನ್ನು ಜಾಮೀನಿನ ಮೇಲೆ ಮನೆಗೆ ಕಳಿಸಿತು. ಅಷ್ಟರಲ್ಲಿ ವೆಂಕಪ್ಪನ ಹೊಟ್ಟೆಯ ಗಾಯ ಕೀವಾಗಿ, ಆಸ್ಪತ್ರೆಯಲ್ಲೇ ಅವನು ತೀರಿಕೊಂಡ. ನೀರಿನ ಜಗಳ ಮೇಲೆ ಬಂತು. ಅಪ್ಪನೇ ಮಗನನ್ನು ಛೂ ಬಿಟ್ಟು ಕೊಲ್ಲಿಸಿದ ಎಂದು ವೆಂಕಪ್ಪನ ಹೆಂಡತಿ ದೂರಿದಳು. ಪ್ರಕರಣ ಕೊಲೆಯಾಯಿತು; ಛೂ ಬಿಟ್ಟದ್ದಕ್ಕೆ ಸಾಕ್ಷಿ ಸಿಗದೆ ಮಾಯಿಲಪ್ಪ ಹೊರಗುಳಿದ, ಸುಜಯ ವಿಚಾರಣೆ ಮುಗಿಯುವ ತನಕ ಮಕ್ಕಳನ್ನು ಇಡುವ ವೀಕ್ಷಣಾಲಯ ಸೇರಿದ. ದುಗ್ಗಪ್ಪನ ಫೋನು ಸ್ವಿಚ್ ಆಫ್ ಆಯಿತು.

ದರ್ಬೆಯಲ್ಲಿ ಕಚೇರಿ ಇದ್ದ ವಕೀಲೆ ದೀಪಶ್ರೀ ವಿಷಯವನ್ನು ಬಿಡಿಸಿ ಹೇಳಿದಳು. ಹದಿನಾರು ದಾಟಿದವರ ಮೇಲೆ ಇಂಥ ಆರೋಪ ಬಂದರೆ, ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬೆಳೆದಿತ್ತೇ ಎಂದು ಮಂಡಳಿ ಮೊದಲು ಪರೀಕ್ಷಿಸುತ್ತದೆ. ಸುಜಯನಿಗೆ ಹದಿನಾರು ತುಂಬಿ ಕೆಲವೇ ತಿಂಗಳಾಗಿತ್ತು.

"ಇವನು ಎಲ್ಲದಕ್ಕೂ ಅಳೆದು ತೂಗಿ ಉತ್ತರ ಕೊಡ್ತಾನೆ ಅಕ್ಕ. ಅದೇ ನನಗೆ ಹೆದರಿಕೆ. ದೊಡ್ಡವರ ಹಾಗೆ ಅಂತ ಅವರಿಗೆ ಕಂಡ್ರೆ, ದೊಡ್ಡವರ ಹಾಗೆಯೇ ವಿಚಾರಣೆ ಆಗ್ತದೆ."

ಊರಿಗೆ ಮರಳುವಾಗ ದಾರಿಯಲ್ಲಿ ಬಸ್ಸು ನಿಂತದ್ದು, ಮತ್ತೆ ಹೊರಟದ್ದು ಯಾವುದೂ ಶೀಲಾವತಿಗೆ ಗೊತ್ತಾಗಲಿಲ್ಲ. ಮರುದಿನ ಶಾಲೆಯಲ್ಲಿ ತಟ್ಟೆ ಹಿಡಿದು ನಿಂತ ಮಕ್ಕಳಿಗೆ ಅನ್ನ ಬಡಿಸುತ್ತ, ಇವರಲ್ಲಿ ಯಾರನ್ನು ಜೈಲಿಗೆ ಹಾಕಬಹುದು ಎಂದು ಮುಖ ಮುಖ ನೋಡಿದಳು. ಎಲ್ಲರೂ ಇನ್ನೊಂದು ಸೌಟು ಸಾರು ಕೇಳುವವರೇ. ಸುಜಯ ಇನ್ನೊಂದು ಸೌಟು ಕೇಳಿದ್ದನ್ನು ಅವಳು ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಮಂಡಳಿಯ ಕೋಣೆಯಲ್ಲಿ ಕಟಕಟೆ ಇರಲಿಲ್ಲ, ಪೊಲೀಸರ ಸಮವಸ್ತ್ರವೂ ಇರಲಿಲ್ಲ. ಒಂದು ಮೇಜಿನ ಸುತ್ತ ಎಲ್ಲರೂ ಕುಳಿತಿದ್ದರು. ಮ್ಯಾಜಿಸ್ಟ್ರೇಟರು ನಡುವಯಸ್ಸಿನ ಹೆಂಗಸು. ಮೊದಲು ಕೇಳಿದ್ದೇ ಹುಡುಗ ತಿಂಡಿ ತಿಂದನೋ ಎಂದು. ಇಷ್ಟು ಮೆತ್ತಗೆ ಮಾತಾಡುವವರ ಎದುರು ಸುಳ್ಳು ಹೇಳುವುದು ಇನ್ನೂ ಕಷ್ಟ ಎಂದು ಶೀಲಾವತಿಗೆ ಆಗ ತಿಳಿಯಿತು. ಮನಃಶಾಸ್ತ್ರಜ್ಞರು ಒಂದೊಂದಾಗಿ ಕೇಳಿದರು. ಸುಜಯ ಬೆನ್ನು ನೆಟ್ಟಗೆ ಮಾಡಿ ಉತ್ತರಿಸಿದ. ಹೌದು, ಕೋವಿಯಿಂದ ಪ್ರಾಣ ಹೋಗುತ್ತದೆಂದು ಗೊತ್ತಿತ್ತು. ಹೌದು, ತಪ್ಪೆಂದೂ ಗೊತ್ತು. ಯಾರೂ ಹೇಳಿಕೊಟ್ಟಿಲ್ಲ. ಒಂದೊಂದು ಉತ್ತರಕ್ಕೂ ದೀಪಶ್ರೀಯ ಮುಖ ಬಾಡುತ್ತ ಹೋಯಿತು.

ಮ್ಯಾಜಿಸ್ಟ್ರೇಟರು ತಾಯಿಯ ಕಡೆ ತಿರುಗಿ, ಮನೆಯಲ್ಲಿ ಇವನು ಹೇಗೆ ಎಂದು ಕೇಳಿದರು. ಆಯುಷ್ಯವಿಡೀ ಅವಳು ಉತ್ತರ ಕೊಟ್ಟುಕೊಂಡು ಬಂದ ಪ್ರಶ್ನೆ. ಬಾಯಿಗೆ ಬಂದ ಆ ಹಳೆಯ ಮಾತನ್ನು ಅವಳು ನುಂಗಿಕೊಂಡಳು. ಹೊರಗೆ ಬೆಂಚಿನಲ್ಲಿ ಮಾಯಿಲಪ್ಪ ಕುಳಿತಿದ್ದ. ಅರ್ಧ ತೆರೆದ ಬಾಗಿಲಿನಿಂದ ಅವನ ಒಂದು ಚಪ್ಪಲಿ ಕಾಣುತ್ತಿತ್ತು.

"ಇವ ಹೊಡೆದದ್ದಲ್ಲ," ಅಂದಳು. "ಇವನ ಅಪ್ಪ ಹೊಡೆದದ್ದು, ಹಂದಿ ಅಂತ ಎಣಿಸಿ. ಇವನಿಗೆ ಸುಳ್ಳು ಬಾಯಿಪಾಠ ಮಾಡಿಸಿದ್ದು ನಾನು. ಇವ ಮಗು ಮೇಡಂ. ನಾವು ಇವನನ್ನು ಮಗು ಆಗ್ಲಿಕ್ಕೆ ಬಿಡ್ಲಿಲ್ಲ."

ಸುಜಯ ತಾಯಿಯನ್ನು ಕೋಪದಿಂದ ನೋಡಿದ. ಆಮೇಲೆ ಅವಳ ಸೆರಗಿನ ತುದಿ ಹಿಡಿದು, ಇಷ್ಟು ಹೊತ್ತಿನ ಗಟ್ಟಿ ಸ್ವರವೆಲ್ಲ ಬಿದ್ದುಹೋಗಿ, "ಅಪ್ಪನನ್ನು ಕರ್ಕೊಂಡು ಹೋಗ್ತಾರಾ ಅಮ್ಮ?" ಎಂದು ಕೇಳಿ ಬಿಕ್ಕಿ ಬಿಕ್ಕಿ ಅತ್ತ. ಮನಃಶಾಸ್ತ್ರಜ್ಞರು ಪೆನ್ನು ಕೆಳಗಿಟ್ಟರು.

ಮುಂದಿನ ವಿಚಾರಣೆಗೆ ದಿನ ಗೊತ್ತು ಮಾಡಿ, ತಾಯಿಯ ಹೇಳಿಕೆ ಬರೆಸಿಕೊಳ್ಳಲು ಮ್ಯಾಜಿಸ್ಟ್ರೇಟರು ಹೇಳಿದರು. ಶೀಲಾವತಿ ಹೊರಗೆ ಬಂದಾಗ ಮಾಯಿಲಪ್ಪ ಎದ್ದು ನಿಂತಿದ್ದ. ಬಾಗಿಲು ತೆರೆದೇ ಇತ್ತಲ್ಲ, ಅವನು ಎಲ್ಲ ಕೇಳಿದ್ದ. ಬೈಯುತ್ತಾನೆಂದು ಅವಳು ಕಾದಳು. ಅವನು ಅಂಗಿಯ ಕಿಸೆಯಿಂದ ಮನೆಯ ಬೀಗದ ಕೈ ತೆಗೆದು ಅವಳ ಕೈಗೆ ಕೊಟ್ಟ.

"ಅವ ಬಂದ ದಿನ ಒಳ್ಳೆ ಸಾರು ಮಾಡಿ ಹಾಕು," ಎಂದು ಹೇಳಿ, ದೀಪಶ್ರೀಯ ಹತ್ತಿರ ಠಾಣೆಗೆ ಯಾವ ಬಸ್ಸಿನಲ್ಲಿ ಹೋಗುವುದೆಂದು ಕೇಳಿದ.